ಗಂಡಸರ ತಂಡ ಬೇಡ ಅಂದ ಪ್ಯಾಟ್ ಸಮಿಟ್

ಬರಹ ಸ್ವಲ್ಪ ಉದ್ದವಿದೆ, ಬಿಡುವು ಮಾಡಿಕೊಂಡು ಓದಿ.

ಅಮೆರಿಕದ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಪ್ಯಾಟ್ ಸಮಿಟ್ 38 ಸೀಸನ್ ಕೋಚ್ ಆಗಿದ್ದರು. 1,098 ಗೆಲುವು, 208 ಸೋಲು, ಎಂಟು ರಾಷ್ಟ್ರೀಯ ಪ್ರಶಸ್ತಿ. ಅವರ ಬಗ್ಗೆ ಯಾರು ಬರೆದರೂ ಈ ಅಂಕಿಗಳಿಂದಲೇ ಶುರು ಮಾಡುತ್ತಾರೆ. ನನಗೆ ಮಾತ್ರ ಅವರು ಬೇಡ ಅಂದ ಒಂದು ಕೆಲಸವೇ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದೇ ವಿಶ್ವವಿದ್ಯಾಲಯದ ಗಂಡಸರ ತಂಡಕ್ಕೆ ಬರುತ್ತೀರಾ ಎಂಬ ಕೇಳಿಕೆ ಅವರಿಗೆ ಎರಡು ಸಲ ಬಂದಿತ್ತು. ಎರಡು ಸಲವೂ ಒಲ್ಲೆ ಅಂದರು. ಅದನ್ನು ಬಡ್ತಿ ಅಂತ ಯಾಕೆ ತಿಳಿಯುತ್ತೀರಿ ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಗೆ ಎಷ್ಟು ತೂಕವಿದೆ ಅಂತ ಗೊತ್ತಾಗಬೇಕಾದರೆ ಅವರು ಎಲ್ಲಿಂದ ಬಂದವರು ಅಂತ ನೋಡಬೇಕು.

ಹುಟ್ಟಿದ್ದು 1952ರಲ್ಲಿ, ಟೆನ್ನೆಸ್ಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ. ಹೊಗೆಸೊಪ್ಪು ಬೆಳೆಯುವ, ಹಸು ಸಾಕುವ ರೈತರ ಮನೆ. ಮೇಲೆ ಮೂವರು ಅಣ್ಣಂದಿರು, ಕೆಳಗೊಬ್ಬಳು ತಂಗಿ. ಹಗಲೆಲ್ಲಾ ಹೊಲದ ಕೆಲಸ, ಸಂಜೆಯಾದ ಮೇಲೆ ಕೊಟ್ಟಿಗೆಯ ಹುಲ್ಲಿನ ಅಟ್ಟದಲ್ಲಿ ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್. ಹುಡುಗಿ ಅಂತ ಅವರು ಯಾವ ರಿಯಾಯಿತಿಯನ್ನೂ ತೋರಿಸುತ್ತಿರಲಿಲ್ಲ. ಅಪ್ಪ ರಿಚರ್ಡ್ ಹೆಡ್ ಬಲು ಕಟ್ಟುನಿಟ್ಟಿನ ಮನುಷ್ಯ, ಬಾಯ್ತುಂಬ ಹೊಗಳಿದವರೇ ಅಲ್ಲ. ಆದರೆ ಕ್ಲಾರ್ಕ್ಸ್‌ವಿಲ್‌ನ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವಿಲ್ಲ ಅಂತ ಗೊತ್ತಾದಾಗ ಅದೇ ಅಪ್ಪ ಇಡೀ ಸಂಸಾರವನ್ನು ಪಕ್ಕದ ಹೆನ್ರಿಯೆಟ್ಟಾಗೆ ಸಾಗಿಸಿದರು. ಮಗಳ ಆಟಕ್ಕಾಗಿ ಮನೆಯನ್ನೇ ಬದಲಾಯಿಸಿದ ರೈತ! ಅರವತ್ತರ ದಶಕದಲ್ಲಿ! ನನಗೆ ಇದನ್ನು ದಾಟಿ ಮುಂದೆ ಹೋಗುವುದೇ ಕಷ್ಟವಾಗುತ್ತದೆ.

ಅಣ್ಣಂದಿರಿಗೆ ಕ್ರೀಡೆಯ ಮೇಲೆ ಕಾಲೇಜು ಸ್ಕಾಲರ್‌ಶಿಪ್ ಸಿಕ್ಕಿತು. ಪ್ಯಾಟ್ ಅವರಿಗೆ ಸಿಗಲಿಲ್ಲ, ಯಾಕೆಂದರೆ ಹೆಣ್ಣುಮಕ್ಕಳಿಗೆ ಅಂಥದ್ದು ಇರಲೇ ಇಲ್ಲ. ಅಪ್ಪ ಅಮ್ಮನೇ ಫೀಸು ಕಟ್ಟಿ ಓದಿಸಿದರು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ ಎನ್ನುವ ‘ಟೈಟಲ್ ನೈನ್’ ಕಾನೂನು 1972ರಲ್ಲಿ ಬಂತು. ಕಾನೂನು ಬಂದ ಮಾತ್ರಕ್ಕೆ ಮೈದಾನ, ದುಡ್ಡು, ಬಸ್ಸು ಬಂದುಬಿಡುತ್ತವೆಯೇ? 1974ರಲ್ಲಿ 22 ವರ್ಷದ ಪ್ಯಾಟ್ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಕೋಚ್ ಆದಾಗ ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರಲ್ಲಿ ಕೆಲವರು ಅವರಿಗಿಂತ ಒಂದೇ ವರ್ಷ ಚಿಕ್ಕವರು. ಪಂದ್ಯಕ್ಕೆ ವ್ಯಾನ್ ಓಡಿಸಿಕೊಂಡು ಹೋಗುವುದೂ ಅವರೇ, ತಂಡದ ಬೆವರು ಬಟ್ಟೆ ಒಗೆಯುವುದೂ ಅವರೇ. ಇದರ ನಡುವೆ ಸ್ನಾತಕೋತ್ತರ ಓದು, ಪೆಟ್ಟಾದ ಮಂಡಿಯನ್ನು ಒಲಿಂಪಿಕ್ಸ್‌ಗೆ ತಯಾರು ಮಾಡುವ ವ್ಯಾಯಾಮ. ಕೋಚ್ ಆಗಿ ಆಡಿಸಿದ ಮೊದಲ ಪಂದ್ಯವನ್ನು ಮರ್ಸರ್ ವಿಶ್ವವಿದ್ಯಾಲಯದ ವಿರುದ್ಧ 84-83ರಲ್ಲಿ, ಒಂದೇ ಒಂದು ಅಂಕದಿಂದ ಸೋತರು.

ಎರಡು ವರ್ಷದ ನಂತರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿ ಬೆಳ್ಳಿ ತಂದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕ ತಂಡದ ಕೋಚ್ ಆಗಿ ಚಿನ್ನ. ಕಾಲೇಜು ಮಟ್ಟದಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1987ರಲ್ಲಿ. ಅಂದರೆ ಹದಿಮೂರು ವರ್ಷ ಕಾದರು. 1997-98ರ ಸೀಸನ್ನಿನಲ್ಲಿ 39 ಪಂದ್ಯ ಆಡಿ 39ನ್ನೂ ಗೆದ್ದರು.

ಅವರ ಶಿಸ್ತಿನ ಬಗ್ಗೆಯೂ ಹೇಳಲೇಬೇಕು. ಕೋಚಿಂಗ್ ಶುರು ಮಾಡಿದ ಹೊಸತರಲ್ಲಿ, ಹಿಂದಿನ ರಾತ್ರಿ ಪಾರ್ಟಿ ಮಾಡಿ ಬಂದ ಹುಡುಗಿಯರಿಗೆ ಅಂಕಣದ ಮೂಲೆಮೂಲೆಯಲ್ಲಿ ಕಸದ ಡಬ್ಬ ಇಟ್ಟು, ವಾಂತಿಯಾದರೆ ಅದರಲ್ಲಿ ಮಾಡಿಕೊಳ್ಳಿ ಅಂತ ಓಡಿಸಿದವರು ಅವರು. ಅಭಿಮಾನಿಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ನನಗೆ ಹೆಮ್ಮೆ ಅನಿಸುವುದಿಲ್ಲ. ಆದರೆ ಅದೇ ಗಟ್ಟಿತನ ತರಗತಿಯ ವಿಷಯದಲ್ಲಿ ಬಂದಾಗ ಮನಸಾರೆ ಮೆಚ್ಚುತ್ತೇನೆ. ತರಗತಿ ತಪ್ಪಿಸುವ ಹಾಗಿಲ್ಲ, ಮೊದಲ ಮೂರು ಸಾಲಿನೊಳಗೇ ಕೂರಬೇಕು. ಅವರ ಕೈಕೆಳಗೆ ತನ್ನ ಅವಧಿ ಪೂರ್ತಿ ಆಡಿದ ಒಬ್ಬಳೂ ಡಿಗ್ರಿಯಿಲ್ಲದೆ ಹೊರಬೀಳಲಿಲ್ಲ. ಆಟ ಇಪ್ಪತ್ತೆರಡಕ್ಕೆ ಮುಗಿದುಹೋಗುವ ಹೆಣ್ಣುಮಕ್ಕಳ ಕೈಯಲ್ಲಿ ಏನಿರಬೇಕು ಎಂಬುದು ಸ್ಕಾಲರ್‌ಶಿಪ್ಪೇ ಸಿಗದೆ ಓದಿದವರಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ?

ಟಮಿಕಾ ಕ್ಯಾಚಿಂಗ್ಸ್ ವಿಷಯ ಬಿಟ್ಟರೆ ಈ ಬರಹ ಅರ್ಧವೇ. ಹುಟ್ಟಿನಿಂದಲೇ ಕಿವಿ ಮಂದವಾಗಿದ್ದ ಹುಡುಗಿ. ಬಾಲ್ಯದಲ್ಲಿ ಓರಗೆಯ ಮಕ್ಕಳು ಆಡಿಕೊಂಡು ನಕ್ಕದ್ದಕ್ಕೆ ಶ್ರವಣ ಯಂತ್ರವನ್ನು ಕಿತ್ತು ಹುಲ್ಲಿನಲ್ಲಿ ಎಸೆದವಳು, ಮತ್ತೆ ಹಾಕಿಕೊಂಡಿರಲಿಲ್ಲ. ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಾ, ಚೆಂಡಿನ ಹಿಂದೆ ತನ್ನ ಸಂಕೋಚವನ್ನೆಲ್ಲ ಮುಚ್ಚಿಟ್ಟುಕೊಂಡೇ ಬೆಳೆದಳು. ಟೆನ್ನೆಸ್ಸಿಗೆ ಬಂದ ಮೇಲೆ ಪ್ಯಾಟ್ ಆಕೆಯನ್ನು ಕೂರಿಸಿಕೊಂಡು ಮಾತಾಡಿ, ಯಂತ್ರ ಮತ್ತೆ ಹಾಕಿಸಿದರು, ಮಾತಿನ ತರಬೇತಿಗೂ ಕಳಿಸಿದರು. ನಿನ್ನ ಕಥೆ ಕೇಳಿ ಬೇರೆ ಮಕ್ಕಳಿಗೆ ಧೈರ್ಯ ಬರುತ್ತದೆ ಎಂಬುದು ಅವರ ವಾದ. ಕ್ಯಾಚಿಂಗ್ಸ್ ಮುಂದೆ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದರು. ಈ ಕೆಲಸ ಯಾವ ಸ್ಕೋರ್‌ಶೀಟ್‌ನಲ್ಲೂ ಬರುವುದಿಲ್ಲ.

1990ರ ಸೆಪ್ಟೆಂಬರ್‌ನಲ್ಲಿ ಒಬ್ಬ ಹುಡುಗಿಯನ್ನು ತಂಡಕ್ಕೆ ಕರೆಯಲು ತುಂಬು ಗರ್ಭಿಣಿ ಪ್ಯಾಟ್ ಪೆನ್ಸಿಲ್ವೇನಿಯಾಗೆ ಹೋಗಿದ್ದರು. ಆ ಹುಡುಗಿ ಮಿಶೆಲ್ ಮಾರ್ಸಿನಿಯಾಕ್. ಅವರ ಮನೆಯಲ್ಲೇ ಹೆರಿಗೆ ನೋವು ಶುರುವಾಯಿತು. ವಿಮಾನ ಹತ್ತಿ ವಾಪಸ್ ಹೊರಟಾಗ, ವರ್ಜೀನಿಯಾದಲ್ಲಿ ಇಳಿಸಲೇ ಅಂತ ಪೈಲಟ್ ಕೇಳಿದರೆ ಸುತರಾಂ ಒಪ್ಪಲಿಲ್ಲ. ಮಗು ಟೆನ್ನೆಸ್ಸಿಯಲ್ಲೇ ಹುಟ್ಟಬೇಕು! ಆ ವರ್ಷ ಅವರ ತಂಡವನ್ನು ಸೋಲಿಸಿ ರಾಷ್ಟ್ರೀಯ ಟೂರ್ನಿಯಿಂದ ಹೊರಹಾಕಿದ್ದು ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ. ಮಗ ಟೈಲರ್ ಟೆನ್ನೆಸ್ಸಿಯ ನಾಕ್ಸ್‌ವಿಲ್‌ನಲ್ಲೇ ಹುಟ್ಟಿದ. ಮಾರ್ಸಿನಿಯಾಕ್ ಕೊನೆಗೆ ಟೆನ್ನೆಸ್ಸಿಗೇ ಬಂದು 1996ರ ಪ್ರಶಸ್ತಿ ಗೆದ್ದ ತಂಡದಲ್ಲಿ ಆಡಿದರು.

2006ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದ ಸಂಬಳ ಪಡೆದ ಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್ ಆದರು. 250 ಡಾಲರ್‌ನಿಂದ ಅಲ್ಲಿಗೆ ಬಂದದ್ದು ಗಂಡಸರ ಆಟಕ್ಕೆ ಹಾರಿ ಅಲ್ಲ, ನಿಂತ ಜಾಗವನ್ನೇ ಎತ್ತರ ಮಾಡಿ. ‘ಇಷ್ಟು ಚೆನ್ನಾಗಿ ಮಾಡ್ತೀರ, ಗಂಡಸರ ತಂಡ ಯಾಕೆ ತಗೋಬಾರದು’ ಎನ್ನುವ ಮಾತಿನಲ್ಲಿ ಹೊಗಳಿಕೆಯ ಜೊತೆಗೇ ಒಂದು ಅವಮಾನ ಅಡಗಿದೆ. ಮಹಿಳೆಯರ ಆಟವೆಂದರೆ ಕಲಿಯುವ ಜಾಗ, ಗೆದ್ದಮೇಲೆ ಬಿಟ್ಟು ಹೋಗಬೇಕಾದ ಜಾಗ ಅಂತ. ಪ್ಯಾಟ್ ಅದನ್ನು ಒಪ್ಪಲಿಲ್ಲ.

2011ರ ಆಗಸ್ಟ್‌ನಲ್ಲಿ, 59ನೇ ವಯಸ್ಸಿಗೆ, ತಮಗೆ ಮರೆವಿನ ಕಾಯಿಲೆ ಆಲ್ಜೈಮರ್ಸ್ ಇದೆ ಅಂತ ತಾವೇ ಮುಂದೆ ಬಂದು ಹೇಳಿದರು. ಮುಚ್ಚಿಡಬಹುದಿತ್ತು, ಸದ್ದಿಲ್ಲದೆ ನಿವೃತ್ತರಾಗಬಹುದಿತ್ತು. ಇನ್ನೂ ಒಂದು ಸೀಸನ್ ಬೆಂಚಿನಲ್ಲಿ ಕೂತರು. ತಂಡದ ಹೆಚ್ಚಿನ ಹೊಣೆಯನ್ನು ಅವರ ಹಳೆಯ ಆಟಗಾರ್ತಿ, ಸಹಾಯಕ ಕೋಚ್ ಹಾಲಿ ವಾರ್ಲಿಕ್ ಹೊತ್ತರು. ವರ್ಷಗಟ್ಟಲೆ ಅವರೊಡನೆ ಹಾವು ಮುಂಗುಸಿಯಂತಿದ್ದ ಕನೆಕ್ಟಿಕಟ್‌ನ ಕೋಚ್ ಜೀನೋ ಔರಿಯೆಮ್ಮಾ ಪ್ಯಾಟ್ ಅವರ ಫೌಂಡೇಶನ್ನಿಗೆ 10,000 ಡಾಲರ್ ಕೊಟ್ಟರು. 2016ರ ಜೂನ್ 28ರಂದು ಪ್ಯಾಟ್ ತೀರಿಕೊಂಡರು. 64 ವರ್ಷ ಆಗಿತ್ತಷ್ಟೆ.

ಅವರ ಗೆಲುವಿನ ದಾಖಲೆ ಈಗ ಉಳಿದಿಲ್ಲ. 2020ರ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಕೋಚ್ ಟಾರಾ ವ್ಯಾಂಡರ್‌ವೀರ್ ದಾಟಿದರು, 2024ರಲ್ಲಿ ಟಾರಾ ಅವರನ್ನು ಔರಿಯೆಮ್ಮಾ ದಾಟಿದರು. ಅದರಿಂದ ನನಗೇನೂ ಬೇಸರವಿಲ್ಲ, ದಾಖಲೆಗಳಿರುವುದೇ ಮುರಿಯಲಿಕ್ಕೆ. ಬೇಸರ ಬೇರೆಯದು. ಟೈಟಲ್ ನೈನ್ ಬಂದಾಗ ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಂಡಗಳಿಗೆ ಹೆಂಗಸರೇ ಕೋಚ್. ಇಂದು ಎಲ್ಲಾ ಆಟ ಸೇರಿ ನೋಡಿದರೆ ಅರ್ಧಕ್ಕಿಂತ ಕಡಿಮೆ. ಬಟ್ಟೆ ಒಗೆಯುವ, ವ್ಯಾನ್ ಓಡಿಸುವ ಕೆಲಸವಾಗಿದ್ದಾಗ ಅದು ಹೆಂಗಸರದ್ದಾಗಿತ್ತು. ಕಾನೂನಿನ ಬಲದಿಂದ ಸಂಬಳ ಬಂತು, ಸಂಬಳ ಬಂದ ಮೇಲೆ ಅರ್ಜಿ ಹಾಕುವ ಗಂಡಸರು ಬಂದರು, ಆಯ್ಕೆ ಮಾಡುವ ಸಮಿತಿಯಲ್ಲೂ ಹೆಚ್ಚಾಗಿ ಅವರೇ ಕೂತರು. ಒಳ್ಳೆಯ ಗಂಡಸು ಕೋಚ್‌ಗಳು ಇಲ್ಲವೆಂದಲ್ಲ, ಔರಿಯೆಮ್ಮಾ ಅವರೇ ಇದ್ದಾರೆ. ಆದರೆ ಮಹಿಳೆಯರ ತಂಡ ಗಂಡಸರಿಗೆ ತೆರೆದಷ್ಟು ಗಂಡಸರ ತಂಡ ಮಹಿಳೆಯರಿಗೆ ತೆರೆದಿಲ್ಲ. ಪ್ಯಾಟ್ ಅವರಿಗೆ ಬಂದಂಥ ಕರೆ ಇನ್ನೆಷ್ಟು ಹೆಂಗಸರಿಗೆ ಬಂದಿದೆ?

ಟೆನ್ನೆಸ್ಸಿ ಮಾತ್ರ ಇಲ್ಲಿಯವರೆಗೆ ಆ ಸ್ಥಾನವನ್ನು ಹೆಂಗಸರಿಗೇ ಕೊಟ್ಟಿದೆ. ಮೊದಲು ಹಾಲಿ ವಾರ್ಲಿಕ್. 2019ರಲ್ಲಿ ಕೆಲ್ಲಿ ಹಾರ್ಪರ್, ಪ್ಯಾಟ್ ಕೈಕೆಳಗೆ ಆಡಿ 1996ರಿಂದ 98ರವರೆಗೆ ಸತತ ಮೂರು ಪ್ರಶಸ್ತಿ ಗೆದ್ದವರು. 2024ರಲ್ಲಿ ಕಿಮ್ ಕಾಲ್ಡ್‌ವೆಲ್. 2008ರ ನಂತರ ಪ್ರಶಸ್ತಿ ಬಂದಿಲ್ಲ, ಅಭಿಮಾನಿಗಳಿಗೆ ತಾಳ್ಮೆಯೂ ಇಲ್ಲ. ಆದರೂ ಪ್ರತಿ ಸಲ ಆ ಹುದ್ದೆ ಖಾಲಿಯಾದಾಗ ಆ ವಿಶ್ವವಿದ್ಯಾಲಯ ಮೊದಲು ಹುಡುಕಬೇಕಾದ್ದು ಇನ್ನೊಬ್ಬ ಹೆಣ್ಣುಮಗಳನ್ನೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.