ಡ್ರಾಕುಲಾ: ಪೂರ್ತಿ ಪತ್ರಗಳೂ ಅಲ್ಲ, ಬಿಸಿಲಿಗೆ ಸುಟ್ಟುಹೋಗುವುದೂ ಇಲ್ಲ

ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' (1897) ಬರೀ ಪತ್ರಗಳ ಕಾದಂಬರಿ, ಕೊನೆಗೆ ರಕ್ತ ಹೀರುವ ಪಿಶಾಚಿ ಡ್ರಾಕುಲಾ ಬಿಸಿಲು ತಾಗಿ ಸಾಯುತ್ತಾನೆ ಎಂಬ ಮಾತು ಓಡಾಡುತ್ತಿದೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು.

27 ಅಧ್ಯಾಯಗಳಲ್ಲಿ ಮೊದಲ ನಾಲ್ಕು, ಡ್ರಾಕುಲಾನ ಕೋಟೆಗೆ ಹೋಗುವ ವಕೀಲ ಜೊನಾಥನ್ ಹಾರ್ಕರ್‌ನ ದಿನಚರಿ. ಅವನನ್ನು ಮದುವೆಯಾಗಲಿರುವ ಮೀನಾ ಮತ್ತು ಅವಳ ಗೆಳತಿ ಲೂಸಿಯ ಪತ್ರಗಳು ಶುರುವಾಗುವುದೇ ಐದರಲ್ಲಿ. ಮುಂದೆ ಪತ್ರಿಕೆಯ ತುಣುಕು, ಹಡಗಿನ ಲಾಗ್, ತಂತಿ ಸಂದೇಶ ಎಲ್ಲ ಬರುತ್ತವೆ. ಹುಚ್ಚಾಸ್ಪತ್ರೆಯ ಡಾಕ್ಟರ್ ಸೀವರ್ಡ್ ಹೆಚ್ಚಾಗಿ ದಿನಚರಿ ಬರೆಯುವುದಿಲ್ಲ. ದನಿ ಮುದ್ರಿಸುವ ಯಂತ್ರವಾದ ಫೋನೋಗ್ರಾಫಿನ ಮೇಣದ ಸಿಲಿಂಡರ್‌ಗಳಿಗೆ ಮಾತಾಡುತ್ತಾನೆ. ಮೀನಾ ಅದನ್ನು ಟೈಪ್ ಮಾಡಿ ಮೂರು ಪ್ರತಿ ತೆಗೆಯುತ್ತಾಳೆ. ಡ್ರಾಕುಲಾ ಹಸ್ತಪ್ರತಿಯನ್ನೂ ಸಿಲಿಂಡರ್‌ಗಳನ್ನೂ ಸುಟ್ಟಾಗ ಉಳಿಯುವುದು ತಿಜೋರಿಯಲ್ಲಿದ್ದ ಪ್ರತಿ. ಕಾದಂಬರಿಯ ಜಾಣತನವೆಲ್ಲ ಇಲ್ಲಿದೆ: ನಾವು ಓದುತ್ತಿರುವುದೇ ಆ ಕಡತ.

ಮೊದಲ ಓದಿನಲ್ಲಿ ಎಡವುವುದು ತಾರೀಖುಗಳಲ್ಲಿ. ಒಬ್ಬರ ದಿನಚರಿ ಮುಗಿದು ಇನ್ನೊಬ್ಬರದು ಶುರುವಾದಾಗ ಕಾಲ ಹಿಂದಕ್ಕೆ ಜಿಗಿಯುವುದುಂಟು. ಪ್ರತಿ ತುಣುಕಿನ ತಲೆಯಲ್ಲಿರುವ ಹೆಸರು, ತಾರೀಖು ಬಿಟ್ಟು ಓದಿದರೆ ಎಳೆ ತಪ್ಪುತ್ತದೆ.

ಇನ್ನು ಬಿಸಿಲು. ಡ್ರಾಕುಲಾ ಲಂಡನ್ನಿನ ಪಿಕಡಿಲಿಯಲ್ಲಿ ಹಾಡಹಗಲೇ ಕಾಣಿಸಿಕೊಳ್ಳುತ್ತಾನೆ. ಹಗಲಲ್ಲಿ ಅವನ ಶಕ್ತಿ ಕುಂದುತ್ತದೆ, ಅಷ್ಟೇ. ಬಿಸಿಲಿನ ಸಾವು 1922ರ ಮೂಕಿ ಚಿತ್ರ 'ನೊಸ್ಫೆರಾಟು'ವಿನ ಕೊಡುಗೆ. ಪುಸ್ತಕದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹಾರ್ಕರ್‌ನ ಕುಕ್ರಿ (ಹೌದು, ಗೂರ್ಖಾಗಳದೇ) ಡ್ರಾಕುಲಾನ ಕತ್ತು ಸೀಳುತ್ತದೆ, ಜೊತೆಗಿದ್ದ ಅಮೆರಿಕದ ಗೆಳೆಯ ಮಾರಿಸ್‌ನ ಬೋವಿ ಚಾಕು ಎದೆಗಿಳಿಯುತ್ತದೆ. ಮರದ ಗೂಟ ಡ್ರಾಕುಲಾನಿಗಲ್ಲ, ಪಿಶಾಚಿಯಾದ ಲೂಸಿಗೆ.