ಹೊಳೆಯಲ್ಲಿ ಟವೆಲ್ ಹಾಕಿ ಜಾಗ ಹಿಡಿಯೋಕಾಗಲ್ಲ

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನು ನಾನು. ಹಾಗಾಗಿ ಸ್ಪೇ ಕಾಸ್ಟಿಂಗ್, ಅಂದರೆ ಉದ್ದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಗಾಳದ ಲೈನ್ ಎಸೆಯುವ ಕಲೆ, ಅದನ್ನು ಮಾಡುವವರ ಶಿಸ್ತು ಮೊದಮೊದಲು ತಮಾಷೆ ಅನಿಸುತ್ತಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಸ್ಟೀಲ್‌ಹೆಡ್ ಅನ್ನೋ, ಸಮುದ್ರಕ್ಕೆ ಹೋಗಿ ಹೊಳೆಗೆ ಮರಳುವ ಟ್ರೌಟ್ ಮೀನಿಗೆ ಗಾಳ ಹಾಕುವವರು ಒಳ್ಳೆ ಜಾಗ ಸಿಕ್ಕಿತು ಅಂತ ಅಲ್ಲೇ ಬೇರು ಬಿಡುವುದಿಲ್ಲ. ಲೈನ್ ಎಸೆಯುತ್ತಾರೆ. ಫ್ಲೈ (ಕೊಕ್ಕೆಗೆ ಗರಿ, ನೂಲು ಕಟ್ಟಿ ಮಾಡಿದ ನಕಲಿ ಹುಳ) ಹರಿವಿಗೆ ಅಡ್ಡಲಾಗಿ ತೇಲಿ ದಡದ ಕಡೆ ಬರುವವರೆಗೆ ಕಾಯುತ್ತಾರೆ. ಆಮೇಲೆ ನೀರು ಹರಿಯುವ ಕಡೆಗೆ ಒಂದೆರಡು ಹೆಜ್ಜೆ ಕೆಳಕ್ಕೆ ಸರಿಯುತ್ತಾರೆ. ಹೊಸಬ ಬಂದರೆ ಮೇಲ್ಗಡೆಯಿಂದ, ಎಲ್ಲರ ಹಿಂದೆ ನೀರಿಗಿಳಿಯಬೇಕು. ಕೊನೆ ತಲುಪಿದವನು ದಡ ಹತ್ತಿ ಮತ್ತೆ ಮೇಲಿನಿಂದ ಶುರು ಮಾಡಬೇಕು.

ಈ ಎಸೆತ ಹುಟ್ಟಿದ್ದು 19ನೇ ಶತಮಾನದಲ್ಲಿ, ಸ್ಕಾಟ್ಲೆಂಡಿನ ಸ್ಪೇ ನದಿಯ ದಡದಲ್ಲಿ. ಬೆನ್ನ ಹಿಂದೆ ಮರ, ಕಡಿದಾದ ದಂಡೆ. ಲೈನನ್ನು ಹಿಂದಕ್ಕೆ ಬೀಸೋಕೆ ಜಾಗವೇ ಇಲ್ಲ. ಹಾಗಾಗಿ ಲೈನಿನ ತುದಿ ಪಕ್ಕದ ನೀರಿಗೆ ಅಂಟಿಕೊಂಡೇ ಇರುತ್ತದೆ, ಉಳಿದದ್ದು ಭುಜದ ಹಿಂದೆ ಬಿಲ್ಲಿನಂತೆ ಬಾಗುತ್ತದೆ. ಹನ್ನೆರಡು ಹದಿಮೂರು ಅಡಿಯ ಕೋಲಿಗೆ ಎರಡೂ ಕೈ ಬೇಕು. ಕೆಳಗಿನ ಕೈಯನ್ನು ಹೊಟ್ಟೆಯ ಕಡೆಗೆ ಎಳೆದರೆ ಲೈನ್ ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ. ಹೊಸಬರು ಮೇಲಿನ ಕೈಯಿಂದಲೇ ತಳ್ಳಿ ತಳ್ಳಿ ಸುಸ್ತಾಗುತ್ತಾರೆ. ಗಾಳಿ ಹೊಳೆ ಹರಿಯುವ ದಿಕ್ಕಿಗೇ ಬೀಸುತ್ತಿದ್ದರೆ ಡಬಲ್ ಸ್ಪೇ ಅನ್ನೋ ಎಸೆತ, ಹರಿವಿಗೆ ಎದುರಾಗಿ ಮೇಲಕ್ಕೆ ಬೀಸುತ್ತಿದ್ದರೆ ಸಿಂಗಲ್ ಸ್ಪೇ ಅಥವಾ ಸ್ನ್ಯಾಪ್ ಟಿ ಅನ್ನೋ ಎಸೆತ. ಇದು ಅದಲು ಬದಲಾದರೆ ಕೊಕ್ಕೆ ಕಿವಿಗೇ ಬರುತ್ತದೆ.

ಸ್ಕಾಟ್ಲೆಂಡಿನ ಕ್ರಮ ಬೇರೆ. ಅಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಖಾಸಗಿ ಆಸ್ತಿ. ನದಿಯನ್ನು ಬೀಟ್ ಅಂತ ಭಾಗ ಮಾಡಿ, ದುಡ್ಡು ಕೊಟ್ಟವರಿಗೆ ಬಿಡುತ್ತಾರೆ. ಯಾವ ಕಲ್ಲಿನ ಹಿಂದೆ ಮೀನು ನಿಲ್ಲುತ್ತದೆ ಅಂತ ತೋರಿಸೋಕೆ ಗಿಲ್ಲಿ ಅನ್ನೋ ಸಹಾಯಕ ಇರುತ್ತಾನೆ. ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವಂತೆಯೇ ಇಲ್ಲ. ಅಲ್ಲಿ ಗಾಳ ಹಾಕಿ ಬಂದವರ ಹತ್ತಿರ ಮಾತಾಡಿದರೆ, ಹೊಳೆಗೆ ಒಬ್ಬ ಯಜಮಾನ ಇದ್ದರೆ ನೋಡಿಕೊಳ್ಳುವವರೂ ಇರುತ್ತಾರೆ ಅಂತಾರೆ. ಇರಬಹುದು. ವಾರಕ್ಕೊಂದು ರಜೆ ಅನ್ನೋದಂತೂ ನನಗೆ ಹಿಡಿಸಿತು. ಆದರೂ ಜೇಬು ಖಾಲಿ ಇದ್ದವನೂ ಸರದಿಯಲ್ಲಿ ನಿಲ್ಲಬಹುದಾದ ವಾಷಿಂಗ್ಟನ್ ಪದ್ಧತಿಗೇ ನನ್ನ ಓಟು.

ನಮ್ಮ ಕಡೆ ಗಾಳ ಹಾಕೋಕೆ ಹೋದವನನ್ನು ‘ಎಷ್ಟು ಸಿಕ್ತು?’ ಅಂತ ಕೇಳುತ್ತೇವೆ. ವಾಷಿಂಗ್ಟನ್ ಹೊಳೆಗಳಲ್ಲಿ ಅದನ್ನು ಕೇಳುವವರು ಕಮ್ಮಿ. ಸಿಗೋದೇ ಅಪರೂಪ, ಹೊಳೆಯಲ್ಲೇ ಹುಟ್ಟಿದ್ದು ಸಿಕ್ಕರೂ ಬಿಡಬೇಕು. ಆ ರಾಜ್ಯದ ಪ್ಯುಜೆಟ್ ಸೌಂಡ್ ಅನ್ನೋ ಕಡಲ ಕೊಲ್ಲಿ ಭಾಗದ ಸ್ಟೀಲ್‌ಹೆಡ್ 2007ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಸಾಕಿ ಬಿಟ್ಟ ಮೀನಿನಂತೆ ಕತ್ತರಿಸದೆ, ಬೆನ್ನಿನ ಹಿಂಭಾಗದ ಪುಟ್ಟ ಈಜುರೆಕ್ಕೆ ಹಾಗೇ ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಮೀನು ಅಂತ ಲೆಕ್ಕ. ಅದನ್ನು ನೀರಿನಿಂದ ಪೂರ್ತಿ ಮೇಲೆತ್ತುವಂತೆಯೂ ಇಲ್ಲ. ಹಾಗಾಗಿ ಮಾತೆಲ್ಲ ಲೈನಿನ ಸುತ್ತಲೇ. ಲೈನಿನ ಮುಂಭಾಗದ ದಪ್ಪ ತುಂಡಿಗೆ ಹೆಡ್ ಅಂತಾರೆ. ಸ್ಕ್ಯಾಜಿಟ್ ಹೆಡ್ ಗಿಡ್ಡ, ತೂಕ ಜಾಸ್ತಿ, ನೀರಲ್ಲಿ ಮುಳುಗುವ ತುದಿಯನ್ನೂ (ಟಿಪ್) ಎಳೆಯುತ್ತೆ. ಸ್ಕ್ಯಾಂಡಿ ಹೆಡ್ ಹಗುರ, ನೋಡೋಕೆ ಚಂದ. ಈ ವಾದಕ್ಕೆ ಕೊನೆ ಅನ್ನೋದೇ ಇಲ್ಲ. ಅರ್ಧ ಮಾತು ಹೊಸ ಸಾಮಾನು ಕೊಳ್ಳೋಕೆ ನೆಪ, ಅಲ್ವಾ?

ಸರದಿ ಮುರಿಯುವವರೂ ಇಲ್ಲದಿಲ್ಲ. ದೋಣಿಯಲ್ಲಿ ಬಂದು, ಲೈನ್ ಎಸೆಯುತ್ತಿರುವವನ ಕೆಳಗೇ ಇಳಿದುಬಿಡುತ್ತಾರೆ. ಅವನು ಇನ್ನೂ ತಲುಪದ ನೀರನ್ನು ಮೊದಲೇ ಕಲಕುತ್ತಾರೆ. ಹೀಗೆ ಮಾಡುವವರು ಅಷ್ಟು ಚಂದ ಎಸೆಯುವುದನ್ನು ನೋಡಿದರೆ ಇನ್ನೂ ಸಿಟ್ಟು ಬರುತ್ತದೆ. ಎಸೆತ ಕಲಿಸುವವರು ಮೊದಲ ದಿನ ಕೋಲು ಕೈಗೆ ಕೊಡುವ ಮುಂಚೆ, ನೀರಿಗೆ ಎಲ್ಲಿಂದ ಇಳಿಯಬೇಕು ಅಂತ ಹೇಳಿಕೊಡಬೇಕು. ಸ್ನೇಕ್ ರೋಲ್ ಅನ್ನೋ ಎಸೆತವನ್ನು ಮುಂದಿನ ವರ್ಷ ಕಲಿತರೂ ನಡೆಯುತ್ತೆ.