ಕೊಟ್ಟದ್ದನ್ನು ಇನ್ನೆಷ್ಟು ಸಲ ಎಣಿಸ್ತೀರಿ?

ಭಾನುವಾರ ದಾವಣಗೆರೆಯಲ್ಲಿ ಅತ್ತೆ ಮಗಳ ಮನೆ ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ಅವಳ ಮಗನಿಗೆ ಮುಂದಿನ ತಿಂಗಳು ಮದುವೆ. ಹೋಳಿಗೆ ಬಡಿಸುವ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತು, "ಮಾಮ, ಮದುವೆ ಆದ್ಮೇಲೆ ಮಾಲ್ಡೀವ್ಸ್‌ಗೆ ಹೋಗೋಣ ಅಂತಿದ್ದೀವಿ. ನೀವು ಅಲ್ಲಿದ್ದವರಲ್ವಾ, ಯಾವ ದ್ವೀಪ ಚೆನ್ನಾಗಿರುತ್ತೆ ಹೇಳಿ" ಅಂದ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಎದುರು ಸಾಲಿನಲ್ಲಿದ್ದ ಹಿರಿಯರೊಬ್ಬರು ಜೋರಾಗಿ ಹೇಳಿದರು. "ಅಲ್ಲಿಗ್ಯಾಕೋ ಹೋಗ್ತೀಯ? ಉಂಡ ಮನೆಗೆ ಎರಡು ಬಗೆಯೋ ಜನ ಅವರು. ನಾವು ಅಕ್ಕಿ ಕೊಟ್ವಿ, ನೀರು ಕೊಟ್ವಿ, ಹೆಲಿಕಾಪ್ಟರ್ ಕೊಟ್ವಿ. ಅವರು ಹೋಗಿ ಚೀನಾದವರ ಕಾಲು ಹಿಡಿದರು."

ಪಂಕ್ತಿಯಲ್ಲಿ ನಾಲ್ಕೈದು ಜನ ಹೌದು ಹೌದು ಅಂದರು. ಹುಡುಗ ತಲೆ ತಗ್ಗಿಸಿದ. ಶುಭಕಾರ್ಯದ ಮನೆ, ನಾನು ಬಾಯಿ ಬಿಡಲಿಲ್ಲ. ಎರಡು ದಿನವಾಯಿತು, ಆ ಮಾತು ಗಂಟಲಿಂದ ಕೆಳಗೆ ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಓದಿ.

ಮೊದಲು ಆ ಅಕ್ಕಿ ವಿಷಯ. ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಮನೆ ಕಟ್ಟುವ ಮರಳು, ಜಲ್ಲಿ, ಇದೆಲ್ಲ ನಮ್ಮ ದೇಶದಿಂದ ಅಲ್ಲಿಗೆ ಹೋಗುವುದು ನಿಜ. 1981ರ ವ್ಯಾಪಾರ ಒಪ್ಪಂದ ಅದು. ನಮ್ಮಲ್ಲಿ ರಫ್ತು ನಿಲ್ಲಿಸಿದ ಸಾಮಾನನ್ನೂ ಅವರಿಗೆ ಇಷ್ಟು ಅಂತ ಬಿಡುತ್ತಾರೆ. ಆದರೆ ಅದು ದಾನ ಅಲ್ಲ. ಅವರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ದಾವಣಗೆರೆ ಮಂಡಿಯಲ್ಲಿ ಕೂತ ವ್ಯಾಪಾರಿ ಯಾರಾದರೂ ತನ್ನ ಗಿರಾಕಿಗೆ "ನನ್ನ ಅನ್ನ ತಿಂದವನು ನೀನು" ಅನ್ನುತ್ತಾನಾ? ಅಂದರೆ ಮಾರನೇ ದಿನ ಆ ಗಿರಾಕಿ ಪಕ್ಕದ ಅಂಗಡಿಗೆ ಹೋಗಲ್ವಾ?

ಉಪ್ಪಿನ ಲೆಕ್ಕವೇ ಆಗಬೇಕು ಅಂದರೆ ನಾನೇ ಹೇಳುತ್ತೇನೆ. ನಿಮಗೆ ಗೊತ್ತಿರುವ ಹಾಗೆ ನಾನು ಅಲ್ಲಿ ಐದು ವರ್ಷ ಗಣಿತದ ಮೇಷ್ಟ್ರಾಗಿದ್ದೆ, ಲಾಮು ಅಟಾಲ್‌ನ ಫೊನಧೂ ಅನ್ನುವ ದ್ವೀಪದಲ್ಲಿ. ಅಟಾಲ್ ಅಂದರೆ ಉಂಗುರದ ಹಾಗೆ ಹರಡಿದ ದ್ವೀಪಗಳ ಗುಂಪು. ಇಲ್ಲಿ ಖಾಸಗಿ ಶಾಲೆಯೊಂದರಲ್ಲಿ ಮೂರು ತಿಂಗಳಿಗೊಮ್ಮೆ ಸಂಬಳ ಕಾಣುತ್ತಿದ್ದವನಿಗೆ ಅಲ್ಲಿ ತಿಂಗಳು ಮುಗಿಯುತ್ತಿದ್ದ ಹಾಗೆ ಅವರ ದುಡ್ಡು ರೂಫಿಯಾ ಕೈಗೆ ಬರುತ್ತಿತ್ತು. ಮಗಳ ಇಂಜಿನಿಯರಿಂಗ್ ಫೀಸು ಅದೇ ದುಡ್ಡು. ಈಗ ನಾನು ಕೂತು ಬರೆಯುತ್ತಿರುವ ಮನೆಯ ತಾರಸಿ ಅದೇ ದುಡ್ಡು. ನಮ್ಮ ದೇಶದ ಮೇಷ್ಟ್ರುಗಳು, ನರ್ಸ್‌ಗಳು, ಡಾಕ್ಟರ್‌ಗಳು ಎಷ್ಟೋ ಮಂದಿ ಅಲ್ಲಿ ದುಡಿದು ಇಲ್ಲಿ ಮನೆ ಕಟ್ಟಿದ್ದಾರೆ. ಹಾಗಾದರೆ ಯಾರು ಯಾರ ಉಪ್ಪು ತಿಂದ ಹಾಗಾಯಿತು? ಭಾನುವಾರ ಪಂಕ್ತಿಯಲ್ಲಿ ಇಷ್ಟು ಹೇಳಿಬಿಟ್ಟಿದ್ದರೆ ಸಾಕಿತ್ತು. ಹೇಳಲಿಲ್ಲ. ಆ ಸಂಕಟ ನನಗೆ ಈಗಲೂ ಇದೆ.

ಇನ್ನು ಹೆಲಿಕಾಪ್ಟರ್. ಫೊನಧೂ ಪಕ್ಕದಲ್ಲೇ ಕದ್ಧೂ ವಿಮಾನ ನಿಲ್ದಾಣ, ರಸ್ತೆಯಲ್ಲೇ ಹೋಗಬಹುದು. ಅಲ್ಲಿ ಒಂದು ಧ್ರುವ್ ಹೆಲಿಕಾಪ್ಟರ್ ಇತ್ತು, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು. ಇನ್ನೊಂದು ದಕ್ಷಿಣದ ಅಡ್ಡುವಿನಲ್ಲಿ. ಅವನ್ನು ಹಾರಿಸಿ ನೋಡಿಕೊಳ್ಳುತ್ತಿದ್ದವರು ನಮ್ಮ ಸೈನಿಕರು. ಬೇರೆ ದ್ವೀಪದಲ್ಲಿ ಯಾರಿಗಾದರೂ ಹೆರಿಗೆ ಕಷ್ಟವಾದರೆ, ಮೀನು ಹಿಡಿಯಲು ಹೋದವರು ಸಮುದ್ರದಲ್ಲಿ ಸಿಕ್ಕಿಹಾಕಿಕೊಂಡರೆ ಅದು ಹಾರುತ್ತಿತ್ತು. ಕ್ಲಾಸಿನಲ್ಲಿ ಅದರ ಶಬ್ದ ಕೇಳಿದರೆ ಮಕ್ಕಳು ಬರೆಯುವುದನ್ನು ನಿಲ್ಲಿಸುತ್ತಿದ್ದರು. ಯಾರ ಮನೆಯವರೋ ಅಂತ. ನನಗೆ ಒಳಗೊಳಗೇ ಹೆಮ್ಮೆ. ನಮ್ಮ ಬೆಂಗಳೂರಿನದು ಅಂತ ಒಂದು ದಿನ ಹೇಳಿಯೂ ಹೇಳಿದೆ.

ಹತ್ತನೇ ಕ್ಲಾಸಿನ ಹುಡುಗ ಒಬ್ಬ ಎದ್ದು ನಿಂತ. ಬಹಳ ಮರ್ಯಾದೆಯ ಹುಡುಗ. "ಸರ್, ಹೆಲಿಕಾಪ್ಟರ್‌ಗೆ ನಾವು ಥ್ಯಾಂಕ್ಸ್ ಹೇಳ್ತೀವಿ. ಆದ್ರೆ ಸರ್, ನಿಮ್ಮ ಊರಲ್ಲಿ ಬೇರೆ ದೇಶದ ಸೈನಿಕರು ಇದ್ರೆ ನಿಮಗೆ ಹೇಗನ್ಸುತ್ತೆ?" ಅಂದ. ನಾನು ಬೋರ್ಡ್ ಕಡೆ ತಿರುಗಿ ಲೆಕ್ಕ ಮುಂದುವರಿಸಿದೆ. ಉತ್ತರ ಇರಲಿಲ್ಲ.

ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಅವರ ಚರಿತ್ರೆ ಪಾಠದಲ್ಲೇ ಇದೆ. 1558ರಲ್ಲಿ ಪೋರ್ಚುಗೀಸರು ಅವರ ರಾಜಧಾನಿ ಮಾಲೆ ಹಿಡಿದರು. ಹದಿನೈದು ವರ್ಷ ಆಳಿದರು. ಉತೀಮು ದ್ವೀಪದ ಮುಹಮ್ಮದ್ ತಕುರುಫಾನು ರಾತ್ರಿ ಹೊತ್ತು ದೋಣಿಯಲ್ಲಿ ಬಂದು ಬಂದು ಹೊಡೆದು, 1573ರಲ್ಲಿ ಓಡಿಸಿದ. ಅವರ ರಾಷ್ಟ್ರೀಯ ದಿನ ಅಂದರೆ ಅದೇ. ಆಮೇಲೆ 1887ರಿಂದ ಬ್ರಿಟಿಷರ ರಕ್ಷಣೆ ಅನ್ನುವ ಹೆಸರು. ಅಡ್ಡುವಿನ ಗಾನ್ ದ್ವೀಪದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ. ಆ ನೆಲೆ ಇದ್ದಾಗಲೇ, 1959ರಲ್ಲಿ ದಕ್ಷಿಣದ ಮೂರು ಅಟಾಲ್‌ಗಳು ಮಾಲೆಯಿಂದ ಬೇರೆಯಾಗಿ ಸುವಾದೀವ್ ಅನ್ನುವ ದೇಶ ಮಾಡಿಕೊಂಡವು. ಅಬ್ದುಲ್ಲಾ ಅಫೀಫ್ ದೀದಿ ಅವರ ನಾಯಕ. ಬ್ರಿಟಿಷರು ನಮ್ಮ ಜೊತೆ ಇದ್ದಾರೆ ಅಂತ ಆ ಜನ ನಂಬಿದ್ದರು. ಬ್ರಿಟಿಷರಿಗೆ ಮಾಲೆಯವರ ಜೊತೆ ನೆಲೆಯ ಒಪ್ಪಂದ ಕುದುರಿತು. ಅಲ್ಲಿಗೆ ಮುಗಿಯಿತು. 1963ರಲ್ಲಿ ಅಫೀಫ್‌ರನ್ನು ಹಡಗು ಹತ್ತಿಸಿ ಸೆಶೆಲ್ಸ್‌ಗೆ ಕಳಿಸಿಬಿಟ್ಟರು. ದೊಡ್ಡವರು ಹೆಗಲ ಮೇಲೆ ಕೈ ಹಾಕಿದರೆ ಎಷ್ಟು ದಿನ ಇರುತ್ತದೆ ಅಂತ ಆ ಸಮುದ್ರದ ಜನಕ್ಕೆ ನಾವು ಹೇಳಿಕೊಡಬೇಕಾ?

ಬ್ರಿಟಿಷರು 1976ರಲ್ಲಿ ಗಾನ್ ಬಿಟ್ಟು ಹೋದರು. ಮಾರನೇ ವರ್ಷ ಸೋವಿಯತ್ ರಷ್ಯಾದವರು ಬಂದು, ಆ ಜಾಗ ನಮಗೆ ಬಾಡಿಗೆಗೆ ಕೊಡಿ, ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತೇವೆ ಅಂದರು. ಆಗ ಮಾಲ್ಡೀವ್ಸ್‌ನವರಿಗೆ ಇದ್ದದ್ದು ಮೀನು, ಆಗಷ್ಟೇ ಶುರುವಾದ ಪ್ರವಾಸೋದ್ಯಮ, ಅಷ್ಟೇ. ಅಧ್ಯಕ್ಷ ಇಬ್ರಾಹಿಂ ನಾಸಿರ್ ಬೇಡ ಅಂದರು. ಅಮೆರಿಕ, ರಷ್ಯಾ ಎರಡೂ ಹಿಂದೂ ಮಹಾಸಾಗರದ ಮೇಲೆ ಕಣ್ಣಿಟ್ಟಿದ್ದ ಕಾಲ ಅದು. ಬೇಡ ಅನ್ನುವುದು ಅವರು ಇವತ್ತು ನಮ್ಮ ಮೇಲೆ ಕೋಪಕ್ಕೆ ಕಲಿತದ್ದಲ್ಲ.

ಬೇಕು ಅಂತ ಕರೆಯುವುದೂ ಅವರಿಗೆ ಗೊತ್ತು. 1988ರ ನವೆಂಬರ್ 3, ಕೂಲಿ ಸೈನಿಕರು ಮಾಲೆಗೆ ನುಗ್ಗಿದಾಗ ಅಧ್ಯಕ್ಷ ಗಯೂಮ್ ಹಲವು ದೇಶಗಳಿಗೆ ಫೋನ್ ಮಾಡಿಸಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ನಮ್ಮ ಪ್ಯಾರಾ ಸೈನಿಕರು ಮಾಲೆ ಪಕ್ಕದ, ವಿಮಾನ ನಿಲ್ದಾಣ ಇರುವ ಹುಲುಲೆ ದ್ವೀಪದಲ್ಲಿ ಇಳಿದರು. ಒತ್ತೆಯಾಳುಗಳನ್ನು ಹಾಕಿಕೊಂಡು ಹಡಗಿನಲ್ಲಿ ಓಡುತ್ತಿದ್ದವರನ್ನು ನಮ್ಮ ನೌಕಾಪಡೆ ಸಮುದ್ರದಲ್ಲೇ ಹಿಡಿಯಿತು. ಇದನ್ನು ಅವರು ಮರೆತಿಲ್ಲ. ನವೆಂಬರ್ 3 ಅಲ್ಲಿ ವಿಜಯ ದಿನ, ಪ್ರತಿ ವರ್ಷ ಆಚರಿಸುತ್ತಾರೆ. ನಾನು ನೋಡಿದ್ದೇನೆ. ಯಾಕೆ ಇನ್ನೂ ಅಷ್ಟು ಗೌರವ ಗೊತ್ತಾ? ನಮ್ಮವರು ಕರೆದಾಗ ಹೋದರು, ಕೆಲಸ ಮುಗಿಸಿ ವಾಪಸ್ ಬಂದರು. ಅದಕ್ಕೆ.

2023ರ ಕೊನೆಯಲ್ಲಿ ಹೊಸ ಅಧ್ಯಕ್ಷರಾಗಿ ಮುಯಿಜು ಬಂದು ನಿಮ್ಮ ಸೈನಿಕರನ್ನು ಕರೆದುಕೊಳ್ಳಿ ಅಂದರಲ್ಲ, ಎಂಬತ್ತು ಜನ ಆಸುಪಾಸು. 2024ರ ಮೇ ಒಳಗೆ ಅವರು ವಾಪಸ್ ಬಂದರು. ಅವರ ಜಾಗಕ್ಕೆ ಸಮವಸ್ತ್ರ ಇಲ್ಲದ ನಮ್ಮದೇ ತಂತ್ರಜ್ಞರು ಹೋದರು. ಹೆಲಿಕಾಪ್ಟರ್ ಅಲ್ಲೇ ಉಳಿಯಿತು. ಎರಡೂ ಸರ್ಕಾರ ಕೂತು ಮಾತಾಡಿ ದಾರಿ ಹುಡುಕಿಕೊಂಡವು. ನಮ್ಮ ಟಿವಿಗಳಲ್ಲಿ ಮಾತ್ರ ಯುದ್ಧ ನಡೆಯುತ್ತಿತ್ತು.

2024ರ ಜನವರಿಯಲ್ಲಿ ಅಲ್ಲಿನ ಮೂರು ಉಪಮಂತ್ರಿಗಳು ನಮ್ಮ ಪ್ರಧಾನಿ ಬಗ್ಗೆ ಕೆಟ್ಟದಾಗಿ ಬರೆದದ್ದು ತಪ್ಪೇ. ನನಗೂ ಮೈ ಉರಿದಿತ್ತು. ಆದರೆ ಅಲ್ಲಿನ ಸರ್ಕಾರ ಆ ಮೂವರನ್ನೂ ಅಮಾನತು ಮಾಡಿತು. ಅದೇ ದಿನ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು, ಈಗ ಮಾಲೆಯಲ್ಲಿ ನರ್ಸ್, ವಾಟ್ಸಾಪ್‌ನಲ್ಲಿ ಬರೆದಳು. "ಸರ್, ಬೇಜಾರು ಮಾಡ್ಕೋಬೇಡಿ, ನಾವೆಲ್ಲ ಹಾಗಲ್ಲ." ಯಾರೋ ಮಾಡಿದ ತಪ್ಪಿಗೆ ಆ ಹುಡುಗಿ ನನ್ನ ಹತ್ತಿರ ಕ್ಷಮೆ ಕೇಳಿದಳು. ಅದೇ ಸಂಜೆ ನಮ್ಮ ಕುಟುಂಬದ ಗ್ರೂಪಿನಲ್ಲಿ, ಭಿಕಾರಿಗಳಿಗೆ ಬುದ್ಧಿ ಕಲಿಸಬೇಕು ಅನ್ನುವ ಫಾರ್ವರ್ಡ್ ಬಂತು. ಅದಕ್ಕೆ ಹನ್ನೊಂದು ಜನ ಕೈ ಮುಗಿದಿದ್ದರು. ನಾನು ಗ್ರೂಪ್ ಬಿಟ್ಟೆ. ಯಾಕೆ ಬಿಟ್ಟೆ ಅಂತ ಕೇಳಿದವರಿಗೆಲ್ಲ ಉತ್ತರ ಇದು.

ಅಲ್ಲಿಗೆ ಪ್ರವಾಸ ಹೋಗಬೇಡಿ ಅಂತ ಬುದ್ಧಿ ಕಲಿಸಿದ್ದರಿಂದ ಏನಾಯಿತು ನೋಡಿ. 2023ರಲ್ಲಿ ಅಲ್ಲಿಗೆ ಹೋದ ಪ್ರವಾಸಿಗಳಲ್ಲಿ ನಾವೇ ಮೊದಲು, ಎರಡು ಲಕ್ಷಕ್ಕೂ ಜಾಸ್ತಿ. ಮುಂದಿನ ವರ್ಷ ನಮ್ಮವರು ಒಂದು ಲಕ್ಷ ಮೂವತ್ತು ಸಾವಿರದ ಹತ್ತಿರಕ್ಕೆ ಇಳಿದರು. ಮೊದಲನೇ ಜಾಗಕ್ಕೆ ಬಂದದ್ದು ಚೀನಾ. ಚೀನಾದ ಕಡೆ ಹೋದರು ಅಂತ ಬೈಯುತ್ತಾ ನಾವೇ ಜಾಗ ಬಿಟ್ಟುಕೊಟ್ಟೆವು. ಅದೇ ಹೊತ್ತಿಗೆ, 2024ರ ಏಪ್ರಿಲ್‌ನಲ್ಲಿ, ನಮ್ಮ ಸರ್ಕಾರ ಅವರಿಗೆ ಕಳಿಸುವ ಅಕ್ಕಿ, ಈರುಳ್ಳಿ, ಮೊಟ್ಟೆಯ ಪಾಲನ್ನು 1981ರಿಂದ ಈಚೆಗೆ ಎಂದೂ ಇಲ್ಲದಷ್ಟು ಏರಿಸಿತು. ದೆಹಲಿಯವರಿಗೆ ಇದ್ದ ತಾಳ್ಮೆ ನಮ್ಮ ಊಟದ ಪಂಕ್ತಿಗೆ ಯಾಕಿಲ್ಲ?

ಒಂದು ಮಾತು ಕೇಳುತ್ತೀರಿ, ಗೊತ್ತು. ಚೀನಾದವರು ಅಲ್ಲಿ ಬಂದು ಕೂತರೆ? ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಿಂದ ಅವರ ಉತ್ತರದ ತುದಿಗೆ 130 ಕಿಲೋಮೀಟರ್ ಆಸುಪಾಸು. ದಾವಣಗೆರೆಯಿಂದ ಹುಬ್ಬಳ್ಳಿಗಿಂತ ಹತ್ತಿರ. ಚೀನಾದ ಸಂಶೋಧನಾ ಹಡಗು 2024ರ ಫೆಬ್ರವರಿಯಲ್ಲಿ ಮಾಲೆಗೆ ಬಂದದ್ದೂ ನಿಜ. ಕಾಳಜಿ ಇರಬೇಕು. ಆದರೆ ಆ ಕಾಳಜಿಗೂ, ಉಂಡ ಮನೆಗೆ ಎರಡು ಬಗೆದರು ಅನ್ನುವ ಬೈಗುಳಕ್ಕೂ ಏನು ಸಂಬಂಧ? ಬೈದರೆ ಹಡಗು ವಾಪಸ್ ಹೋಗುತ್ತದಾ?

ಅವರು ಚೀನಾದಿಂದ ಏನು ತಗೊಂಡರು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ನಾನಿದ್ದಾಗ ಮಾಲೆಯಿಂದ ಪಕ್ಕದ ಹುಲುಮಾಲೆ ದ್ವೀಪಕ್ಕೆ ಹೋಗಬೇಕು ಅಂದರೆ ಫೆರ್ರಿಗೆ ಕಾಯಬೇಕು. ವಿಮಾನ ನಿಲ್ದಾಣಕ್ಕೂ ದೋಣಿಯೇ. 2018ರಲ್ಲಿ ಚೀನಾದವರು ಕಟ್ಟಿದ ಸೇತುವೆ ಬಂತು. ಈಗ ಜನ ಸ್ಕೂಟರಿನಲ್ಲಿ ಹೋಗುತ್ತಾರೆ. ಮಾಲೆಯ ಇನ್ನೊಂದು ಕಡೆ ವಿಲಿಮಾಲೆ, ತಿಲಫುಶಿ ದ್ವೀಪಗಳಿಗೆ ನಮ್ಮ ದೇಶದ ದುಡ್ಡಿನಲ್ಲಿ ಇನ್ನೂ ಉದ್ದದ ಸೇತುವೆಯ ಯೋಜನೆ, ಆರೂಮುಕ್ಕಾಲು ಕಿಲೋಮೀಟರ್. ದೊಡ್ಡ ಆಸ್ಪತ್ರೆ ನಮ್ಮದು, ಇಂದಿರಾ ಗಾಂಧಿ ಹೆಸರಿನದು. ಹುಲುಮಾಲೆಯ ಎತ್ತರದ ಫ್ಲ್ಯಾಟುಗಳು ಚೀನಾದವರು ಕಟ್ಟಿದ್ದು. ಒಂದು ಕೋಣೆಯಲ್ಲಿ ಆರು ಜನ ಪಾಳಿಯಲ್ಲಿ ಮಲಗುವ ಮನೆ ನೋಡಿದ್ದೇನೆ ನಾನು ಮಾಲೆಯಲ್ಲಿ. ಅಂಥವರಿಗೆ ಫ್ಲ್ಯಾಟು ಸಿಕ್ಕರೆ ಕಟ್ಟಿದವನು ಯಾರು ಅಂತ ಕೇಳಿ ಬೇಡ ಅನ್ನಬೇಕಾ? ಸಾಲ ಏರಿದೆ, ಎರಡೂ ಕಡೆಯದು. ಅದು ಅವರಿಗೂ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಅದೇ ಮುಯಿಜು ದೆಹಲಿಗೆ ಬಂದರು, ನಮ್ಮ ಬೆಂಗಳೂರಿಗೂ ಬಂದರು. ಬೆಂಗಳೂರಿನಲ್ಲಿ ಅವರ ಕಾನ್ಸುಲೇಟ್ ತೆರೆಯುವ ಮಾತೂ ಆಯಿತು. ಮರುವರ್ಷ ಜುಲೈನಲ್ಲಿ ಅವರ ಸ್ವಾತಂತ್ರ್ಯದ ಅರವತ್ತನೇ ವರ್ಷಕ್ಕೆ ನಮ್ಮ ಪ್ರಧಾನಿಯೇ ಅತಿಥಿ. ಪಂಕ್ತಿಯ ಹಿರಿಯರಿಗೆ ಆ ಸುದ್ದಿ ಮಾತ್ರ ತಲುಪಿಲ್ಲ.

ಕೊನೆಗೆ ಆ ನೀರಿನ ವಿಷಯ. ನೀರು ಕೊಟ್ವಿ ಅಂದರಲ್ಲ. ಅವತ್ತು ನಾನು ಅಲ್ಲಿದ್ದೆ.

2014ರ ಡಿಸೆಂಬರ್. ಶಾಲೆಗೆ ರಜೆ, ಊರಿಗೆ ಹೊರಟು ಮಾಲೆಗೆ ಬಂದಿದ್ದೆ. 4ನೇ ತಾರೀಕು ನೀರು ಶುದ್ಧ ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಮಾಲೆಯಲ್ಲಿ ಕೆರೆ ಇಲ್ಲ, ಹೊಳೆ ಇಲ್ಲ, ಬಾವಿ ನೀರು ಕುಡಿಯುವ ಹಾಗಿಲ್ಲ. ಸಮುದ್ರದ ಉಪ್ಪು ತೆಗೆದು ಕುಡಿಯಬೇಕು. ಲಕ್ಷಕ್ಕೂ ಜಾಸ್ತಿ ಜನಕ್ಕೆ ನಲ್ಲಿ ಒಣಗಿತು. ಮರುದಿನವೇ ನಮ್ಮ ವಾಯುಪಡೆ ವಿಮಾನ ನೀರು ಹೊತ್ತು ಬಂತು. ಆಮೇಲೆ ನಮ್ಮ ಹಡಗು. ಚೀನಾದಿಂದಲೂ ಬಂತು, ಶ್ರೀಲಂಕಾದಿಂದಲೂ ಬಂತು. ಹಂಚುವ ಜಾಗದಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತೆ. ಮುಂದಿದ್ದವರಿಗೆ ನಮ್ಮ ವಿಮಾನದ ನೀರು ಅಂತ ಎರಡು ಸಲ ಹೇಳಿದೆ. ಹೌದು, ನಾನೂ ಎಣಿಸಿದೆ. ನನ್ನ ಸರದಿ ಬಂದಾಗ ಗುರುತಿನ ಚೀಟಿ ಕೇಳಿದರು. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ಇಲ್ಲಿನವರಿಗೆ ಮಾತ್ರ ಅಂದರು. ಗಂಟಲು ಒಣಗಿ ಈಚೆ ಬಂದೆ.

ಹಿಂದಿನಿಂದ ಒಬ್ಬರು ಬಂದರು. ವಯಸ್ಸಾದವರು, ಲುಂಗಿ, ಮೀನುಗಾರರ ಹಾಗೆ ಬಿಸಿಲಿಗೆ ಕಪ್ಪಾದ ಕೈ. ಅವರಿಗೆ ಎರಡು ಬಾಟಲಿ ಸಿಕ್ಕಿತ್ತು. ಒಂದನ್ನು ನನ್ನ ಕೈಗೆ ಇಟ್ಟರು. ನಾನು ಬೇಡ ಅಂದೆ, ಮನೆಯಲ್ಲಿ ಎಷ್ಟು ಜನ ಅಂತ ಕೇಳಿದೆ. ಐದು ಅಂತ ಬೆರಳು ತೋರಿಸಿದರು. ಬಾಟಲಿ ವಾಪಸ್ ತಗೊಳ್ಳಲಿಲ್ಲ. ಹೆಸರು ಕೇಳುವಷ್ಟರಲ್ಲಿ ಗಲ್ಲಿ ತಿರುಗಿ ಹೋಗಿದ್ದರು. ಆ ಬಾಟಲಿ ನಮ್ಮ ವಿಮಾನದಲ್ಲಿ ಬಂದದ್ದೋ, ಕೊಲಂಬೊದಿಂದಲೋ, ಚೀನಾದಿಂದಲೋ, ನಾನು ನೋಡಲಿಲ್ಲ. ಅಲ್ಲೇ ಕೂತು ಅರ್ಧ ಕುಡಿದೆ.

ನೆನ್ನೆ ರಾತ್ರಿ ಆ ಹುಡುಗನಿಗೆ ಫೋನ್ ಮಾಡಿದೆ. ಹೋಗಿ ಬಾ ಅಂದೆ. ರೆಸಾರ್ಟ್‌ನಲ್ಲಿ ಎರಡು ದಿನ ಇರು, ಆಮೇಲೆ ಜನ ಇರುವ ದ್ವೀಪದ ಗೆಸ್ಟ್‌ಹೌಸಿಗೆ ಹೋಗು. ಫೊನಧೂಗೆ ಹೋದರೆ ಇನ್ನೂ ಒಳ್ಳೆಯದು. ಸಂಜೆ ಮನೆ ಮುಂದೆ ಹಗ್ಗದ ಬಲೆ ಹೆಣೆದ ಕುರ್ಚಿ ಸಾಲಾಗಿ ಇರುತ್ತವೆ, ಅದರಲ್ಲಿ ಕೂತು ಹರಟೆ ಹೊಡೆಯುತ್ತಾರೆ, ಯಾರು ಬಂದರೂ ಕೂರಿಸುತ್ತಾರೆ. ಅದಕ್ಕೆ ಅವರು ಏನಂತಾರೆ ಗೊತ್ತಾ ಅಂದೆ. ಗೊತ್ತಿಲ್ಲ ಮಾಮ ಅಂದ.

ಜೋಲಿ ಅಂತಾರೆ ಕಣೋ. ನಮ್ಮ ಹಾಗೇ, ಜೋಲಿ.